ಸುಲ್ತಾನರ ಊರಿಗೆ ಹೋದವರಿಗೆ

ಕೊಪ್ಪಳ
ತಾ. ೨೦-೫-೧೯೩೮

ಯಜಮಾನರಿಗೆ ಮೆಹಬೂಬಬೀಯ ಸಲಾಮುಗಳು.

ನಾವು ಕ್ಷೇಮ. ನಿಮ್ಮ ಕಾಗದ ರಂಜಾನಿಗೇ ಬಂದಿತ್ತು. ಉತ್ತರ ತಡವಾಯಿತೆಂದು ಸಿಟ್ಟಾಗಬೇಡಿ. ಬರೆಯಲು ಕೂತಾಗಲೆಲ್ಲ ಸಿಟ್ಟು ನನಗೇ ಬರುತ್ತಿತ್ತು. ಉರ್ದು ಬಿಟ್ಟು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಲ್ಲಿ ನೀವು ನಿಕಾ ಮಾಡಿಕೊಂಡವಳಿಗೆ ಉರ್ದು ತಿಳಿಯದಿದ್ದರೂ, ಅವಳ ಅರಬಿಯಂತೆಯೇ ಇರುವ ಅದರ ಅಕ್ಷರ ಗುರುತಾಗುತ್ತದೆ. ನೀವು ಇಲ್ಲಿ ಬೆಳೆದು ಕಲಿತ, ನನಗೆ ನೆರೆಮನೆಯ ಅನ್ನಮ್ಮ ಕಲಿಸಿದ ಈ ಅಕ್ಷರ ನಮ್ಮಿಬ್ಬರಿಗೇ ಇರಲಿ.

ಇರಕಲ್ಲಗಡದ ಹಾಜಿಸಾಬರು ಹಜ್ ಮುಗಿಸಿ, ಅರಬರ ನಾಡಿನ ಆ ಮುಕಲ್ಲಾ ಬಂದರಿನಲ್ಲಿ ನಿಮ್ಮನ್ನು ಕಂಡು ಬಂದರು. ಸಮುದ್ರದ ದಂಡೆಗೆ ಸುಲ್ತಾನರ ಬಿಳಿ ಅರಮನೆಯಂತೆ. ಅಲ್ಲಿಯ ಮಂದಿ ನಮ್ಮ ಹೈದರಾಬಾದಿನ ಶೇರವಾನಿ ತೊಡುತ್ತಾರಂತೆ. ಮಾವ ಹೇಳುತ್ತಿದ್ದುದು ನೆನಪಾಯಿತು: ಆ ಸುಲ್ತಾನರ ಮನೆತನದ ಹಿರಿಯರು ನಿಜಾಮರ ದಂಡಿಗೆ ಸಿಪಾಯಿಯಾಗಿ ಬಂದು ದಂಡನ್ನೇ ನಡೆಸುವ ಜಮಾದಾರರಾದರು, ಇಲ್ಲಿ ಗಳಿಸಿದ್ದನ್ನು ಅಲ್ಲಿಗೆ ಕಳಿಸಿದರು, ಮಕ್ಕಳು ಅಲ್ಲಿ ರಾಜರಾದರು. ಅವರ ಬೆನ್ನು ಹತ್ತಿ ಮಾವ ಈ ಕಡೆ ಬಂದರು. ಅದೇ ಮನೆತನ ಈಗ ನಿಮ್ಮನ್ನು ಚಾಕರಿಗೆಂದು ಆ ಕಡೆ ಎಳೆದುಕೊಂಡಿತು. ನಮ್ಮ ಜೋಳ ತಿಂದು ಬೆಳೆದ ರಾಜ್ಯ ನನಗೆ ಕೊಟ್ಟಿದ್ದು ಒಬ್ಬ ಸವತಿಯನ್ನು.

"ಆಕಿ ಹೆಂಗದಾಳ್ರಿ?" ಎಂದು ಹಾಜಿಸಾಬರನ್ನು ಕೇಳಿದೆ.

"ಒಳಗಿಂದ ಕಾಫಿ ಬಂತವ್ವ, ಮಾರಿ ನೋಡಿಲ್ಲ" ಎಂದರು.

ಕಾಫಿ ಹೇಗಿತ್ತೆಂದೂ ಕೇಳಿದೆ. ಭಾಳ ಛಲೋ ಇತ್ತಂತೆ. ಆ ದಿನ ನನಗೆ ಊಟ ಸೇರಲಿಲ್ಲ.

ಅಲ್ಲಿಗೆ ಬಾ, ಇಬ್ಬರೂ ಅಕ್ಕತಂಗಿಯರಂತೆ ಇರಿ ಎಂದು ಬರೆದಿದ್ದೀರಿ. ನಿಮ್ಮ ತಾಯಿಗೆ ಓದಿ ಹೇಳಿದೆ. ಅತ್ತೆ ಹೇಳಿದ್ದು ಇಷ್ಟು:

"ನಿಮ್ಮ ಮಾವ ಈ ಊರಾಗ ನನ್ನ ನಿಕಾ ಮಾಡಿಕೊಂಡಾಗ ಆ ದೇಶದಾಗ ಒಬ್ಬಾಕಿ ಇದ್ಳು. ಆಕಿನೂ ಹಿಂಗ ಕುಂತು ಅತ್ತಿರಬೇಕು. ನಾ ಒಂದಿನಾನೂ ಆಕಿನ್ನ ನೆನಸಲಿಲ್ಲ."

ನಾನು ಬರುವುದಿಲ್ಲ. ಅತ್ತೆಯನ್ನು ಬಿಟ್ಟು ಬರಲಾರೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ನಿಜವೆಂದರೆ, ಅವಳು ನಿಮಗೆ ಬಡಿಸುವುದನ್ನು ನೋಡಲಾರೆ.

ಅಲ್ಲಾಹನು ನಿಮ್ಮನ್ನು ಸುಖವಾಗಿಡಲಿ. ಅವಳನ್ನೂ ಎಂದು ಬರೆಯಲು ಕೈ ಏಳದು.

ನಿಮ್ಮ
ಮೆಹಬೂಬಬೀ

ತಾ.ಕ.: ಅವಳ ಮಗನಿಗೆ ಯಾಸೀನ ಎಂದು ಹೆಸರಿಟ್ಟಿದ್ದೀರಂತೆ. ಹಾಜಿಸಾಬರು ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು. ಸಿಡುಬಿನಲ್ಲಿ ಹೋದ ನಮ್ಮ ಮಗನಿಗೆ ನಾವಿಬ್ಬರೂ ಕೂಡಿ ಇಟ್ಟ ಹೆಸರದು. ನಿಮ್ಮನ್ನು ಹಂಚಿಕೊಂಡೆ, ಇದನ್ನೂ ಕೊಡುವ ಮುಂಚೆ ಒಂದು ಮಾತು ಕೇಳಬಹುದಿತ್ತು. ಅವಳು ಆ ಹೆಸರು ಹಿಡಿದು ಕೂಗಿದರೆ ಮಗು ಓಡಿ ಬರುತ್ತದಂತೆ.