ಒಲೆಯ ಪಕ್ಕ ತೂಗುಹಾಕಿದ ಅಂಗಿ

ಮೊಮ್ಮಗ ತುಲುಗಾಕ್‌ಗೆ,

ಫೋನಿನಲ್ಲಿ ಹೇಳಿದರೆ "ಆಯ್ತಜ್ಜಿ, ಆಯ್ತಜ್ಜಿ" ಅಂತ ನುಣುಚಿಕೊಳ್ಳುತ್ತೀಯ. ಅದಕ್ಕೇ ಶುಕ್ರವಾರದ ವಿಮಾನಕ್ಕೆ ಬರುವ ಪೌಲೂಸಿಯ ಕೈಲಿ ಈ ಕಾಗದ ಕಳಿಸಿದ್ದೇನೆ.

ಶನಿವಾರ ಸೀಲ್ ಬೇಟೆಗೆ ಹೊರಡುತ್ತೀಯಂತೆ. ನಿನ್ನ ಹೆಂಡತಿ ನಿವಿಯಾತ್ಸಿ ಹೆಮ್ಮೆಯಿಂದ ಹೇಳಿದಳು: "ಅಜ್ಜಿ, ನೀವು ಹೊಲಿದ ಸಾರಂಗದ ತೊಗಲಂಗೀನ ಒಲೆ ಪಕ್ಕಾನೇ ತೂಗುಹಾಕಿದೀನಿ. ಹಾಕ್ಕೊಳ್ಳೋವಾಗ ಬೆಚ್ಚಗಿರ್ಲಿ ಅಂತ."

ಅದನ್ನು ಹಾಕಿಕೊಳ್ಳಬೇಡ. ಕಾವು ತಗುಲಿದ ತೊಗಲು ಮನೆಯೊಳಗೆ ಗಟ್ಟಿಯಾಗಿಯೇ ಕಾಣುತ್ತದೆ. ಆದರೆ ಒಳಗೇ ಪೆಡಸಾಗಿರುತ್ತದೆ, ಮಂಜುಗಡ್ಡೆಯ ಮೇಲೆ ಈಟಿ ಎತ್ತಿದಾಗ ಹೆಗಲಲ್ಲಿ ಹರಿಯುತ್ತದೆ. ಅಂಗಡಿಯ ಆ ಕೆಂಪು ಜಾಕೆಟ್ಟೂ ಬೇಡ. ಅದರ ಪರಪರ ಸದ್ದಿಗೆ ಸೀಲ್ ಹೋದರೆ ಹೋಗಲಿ, ಬೆವರು ಒಳಗೇ ಹೆಪ್ಪುಗಟ್ಟಿದರೆ ನೀನೂ ಹೋಗುತ್ತೀಯ, ಪೆದ್ದ.

ನಿವಿಯಾತ್ಸಿಯನ್ನು ಬೈಯಬೇಡ. ನಿನ್ನ ಅಪ್ಪ ಕೊನೆಯ ಸಲ ಬೇಟೆಗೆ ಹೊರಟಾಗ, ಮಗನ ಬೆನ್ನು ಬೆಚ್ಚಗಿರಲೆಂದು ನಾನೂ ಹಾಗೆಯೇ ಮಾಡಿದ್ದೆ. ಗೊತ್ತಿದ್ದೂ ಮಾಡಿದೆ. ಊರವರು ಅವನ ಸಾವಿಗೆ ಬಿರುಗಾಳಿಯನ್ನು ದೂರಿದರು. ಅಂಗಿಯ ಹರಿದ ಹೆಗಲನ್ನು ಕಂಡವಳು ನಾನೊಬ್ಬಳೇ. ಇಪ್ಪತ್ತು ವರ್ಷ ಯಾರಿಗೂ ಹೇಳಿಲ್ಲ.

ಪೌಲೂಸಿಯ ಹತ್ತಿರ ನನ್ನ ಅಂಗಿ ಕಳಿಸಿದ್ದೇನೆ. ಹೊರಗಿನ ಚಳಿಯಲ್ಲೇ ಇಟ್ಟು ಕಾಪಾಡಿದ್ದು. ರಾತ್ರಿ ಅದನ್ನು ಒಳಗೆ ತರಬೇಡಿ. ತೋಳು ಗಿಡ್ಡವಾದೀತು, ಉದ್ದನೆಯ ಕೈಗವಸು ಹಾಕಿಕೋ. ಅದು ಹೆಂಗಸರ ಅಂಗಿ, ಬೆನ್ನಲ್ಲಿ ಕೂಸು ಹೊರುವ ಚೀಲವಿದೆ. "ಏನೋ, ಬಾಣಂತಿ ಬೇಟೆಗೆ ಹೊರಟ್ಲಾ?" ಅಂತ ಗೆಳೆಯರು ನಗುತ್ತಾರೆ. ನಗಲಿ. ಆ ಚೀಲದಲ್ಲಿ ನಿನ್ನ ಅಪ್ಪನನ್ನು ಹೊತ್ತೆ, ನಿನ್ನನ್ನೂ ಹೊತ್ತೆ. ಇಬ್ಬರಿಗೂ ಒಂದು ದಿನವೂ ಚಳಿಯಾಗಲಿಲ್ಲ.

ನಿನ್ನ ಅಜ್ಜಿ,
ಅಲಾಸುವಾ