ಹವಳದ ತೊಟ್ಟಿ ಹೊರುವ ನೆಲ

ನಮ್ಮ ಮನೆ, ಊಟದ ಮೇಜು
ಶನಿವಾರ, ಹನ್ನೊಂದನೇ ತಾರೀಖು

ಪ್ರೀತಿಯ ನಮ್ಮ ಮನೆಯವರಿಗೆ,

ಹೇಗಿದ್ದೀರಿ? ಸೊಂಟದ ನೋವು ಕಡಿಮೆಯಾಯಿತೇ? ಕಂಟ್ರೋಲ್ ರೂಮಿನ ಆ ಮುರುಕು ಕುರ್ಚಿಯನ್ನು ಬದಲಾಯಿಸಿದರೋ, ಇಲ್ಲ ಇನ್ನೂ ಅದರ ಕಾಲಿಗೆ ರಟ್ಟು ಮಡಚಿ ಕೊಟ್ಟುಕೊಂಡೇ ಪಾಳಿ ದೂಡುತ್ತಿದ್ದೀರೋ? ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅತ್ತೆಯವರ ಮಂಡಿ ಅವರ ಮಾತು ಕೇಳುತ್ತಿಲ್ಲ, ಅವರು ಡಾಕ್ಟರ ಮಾತು ಕೇಳುತ್ತಿಲ್ಲ, ಹಾಗಾಗಿ ಅಲ್ಲಿಗಲ್ಲಿಗೆ ಸರಿಹೋಗಿದೆ. ದಿನಾ ಫೋನಿನಲ್ಲಿ ಮಾತಾಡುವವಳು ಇದ್ದಕ್ಕಿದ್ದ ಹಾಗೆ ಕಾಗದ ಬರೆದಿದ್ದಾಳಲ್ಲ ಎಂದು ನಿಮಗೆ ಆಶ್ಚರ್ಯವಾಗಿರಬೇಕು. ಫೋನಿನಲ್ಲಾದರೆ ನೀವು ನಡುವೆ ಏನೋ ಒಂದು ತಮಾಷೆ ಮಾಡಿ ನಗಿಸಿಬಿಡುತ್ತೀರಿ, ನಾನು ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ. ಕಾಗದಕ್ಕೆ ಮಧ್ಯೆ ಬಾಯಿ ಹಾಕಲು ಆಗುವುದಿಲ್ಲ. ಇನ್ನು ಲಕೋಟೆಯ ಮೇಲಿನ ವಿಳಾಸ ನೋಡಿ ನಿಮ್ಮ ಎದೆ ಧಸಕ್ಕೆಂದಿರಬಹುದು. ಅದು ನನಗೆ ಹೇಗೆ ಸಿಕ್ಕಿತು ಎಂಬುದನ್ನೂ ಹೇಳುತ್ತೇನೆ, ಮೊದಲು ತೊಟ್ಟಿಯ ಸುದ್ದಿ ಕೇಳಿ.

ಹೋದ ಸಲ ರಜೆಗೆ ಬಂದಾಗ ನಾನು ಜಗಳ ತೆಗೆದದ್ದು ನೆನಪಿದೆಯಲ್ಲ? ನೀವು ಆ ವಿದ್ಯುತ್ ಸ್ಥಾವರದ ಕೆಲಸಕ್ಕೆ ಹೋಗಿ ಮೂರು ವರ್ಷವಾಯಿತು, ಅವರು ಕ್ವಾರ್ಟರ್ಸ್ ಕೊಡದಿದ್ದರೆ ಹೋಗಲಿ, ಹತ್ತಿರದಲ್ಲೇ ಒಂದು ಬಾಡಿಗೆ ಮನೆ ಹಿಡಿಯಿರಿ, ನಾನೂ ಅತ್ತೆಯವರೂ ಬಂದುಬಿಡುತ್ತೇವೆ ಎಂದು ಹಟ ಹಿಡಿದಿದ್ದೆ. ನೀವು ಅಲ್ಲಿ ಹಾಸ್ಟೆಲಿನಲ್ಲಿರುವ ಕಷ್ಟವನ್ನೆಲ್ಲ ಹೇಳಿ, ಇನ್ನು ಸ್ವಲ್ಪ ದಿನ ಎಂದಿರಿ. ಮಾರನೇ ದಿನ ನನ್ನನ್ನು ಅಕ್ವೇರಿಯಂ ಅಂಗಡಿಗೆ ಕರೆದುಕೊಂಡು ಹೋದಿರಿ. ಹವಳದ ತೊಟ್ಟಿಯ ಮುಂದೆ ನಾನು ಬಾಯಿ ತೆರೆದುಕೊಂಡು ನಿಂತಿದ್ದು ನೋಡಿ, "ನಿನಗೆ ಬೇಜಾರು ಕಳೆಯತ್ತೆ ಹಲ್ಲಮ್ಮ, ಒಂದು ಇಡೋಣ. ಸಾಮಾನೆಲ್ಲ ನೀನೇ ಆರಿಸು, ಇದು ನನ್ನ ಉಡುಗೊರೆ" ಅಂದಿರಿ. ಲ್ಯಾಬಿನಲ್ಲಿ ದಿನವಿಡೀ ಕಟ್ಟು ಹಲ್ಲು ಮಾಡಿ ಬರುವವಳಿಗೆ ಆ ಬಣ್ಣಗಳನ್ನು ನೋಡಿ ಕಣ್ಣು ತಂಪಾಗಿತ್ತು. ಗಂಡ ಎಂದರೆ ಹೀಗಿರಬೇಕು ಎಂದು ಲ್ಯಾಬಿನಲ್ಲಿ ಎಲ್ಲರ ಮುಂದೆಯೂ ಕೊಚ್ಚಿಕೊಂಡೆ. ಅದನ್ನು ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ.

ಆಮೇಲೆ ನಾನು ಸುಮ್ಮನೆ ಕೂರಲಿಲ್ಲ. ಲ್ಯಾಬ್ ಮುಗಿಸಿ ಬರುವಾಗ ದಿನ ಬಿಟ್ಟು ದಿನ ಅಂಗಡಿಗೆ ಹೋಗಿ ಅಂಗಡಿಯವರ ತಲೆ ತಿಂದೆ. ಪಾಪ, ಅವರು ತಾಳ್ಮೆಯ ಮನುಷ್ಯ. "ಮೇಡಂ, ಇದು ಮೀನು ಸಾಕೋದಲ್ಲ, ನೀರು ಸಾಕೋದು" ಎಂದು ಶುರುಮಾಡಿದರು. ಮೇಲೆ ಕಾಣುವುದು ಒಂದು ಗಾಜಿನ ತೊಟ್ಟಿಯಾದರೆ ಸ್ಟ್ಯಾಂಡಿನ ಒಳಗೆ ಕಾಣದ ಹಾಗೆ ಇನ್ನೊಂದು ಇರುತ್ತದೆ, ಅದಕ್ಕೆ ಸಂಪ್ ಅನ್ನುತ್ತಾರೆ. ಕೊಳೆಯ ಕೆಲಸವೆಲ್ಲ ಅಲ್ಲಿ. ಸ್ಕಿಮ್ಮರ್ ಎಂಬ ಯಂತ್ರ ಗುಳ್ಳೆ ಎಬ್ಬಿಸಿ, ನೊರೆಯ ಜೊತೆ ಕಸವನ್ನು ಮೇಲಿನ ಬಟ್ಟಲಿಗೆ ಉಗುಳುತ್ತದೆ. ಅದರ ವಾಸನೆ ನೋಡಿದ ಮೇಲೆ ನನಗೆ ಆ ದಿನ ಊಟ ಸೇರಲಿಲ್ಲ. ಹೀಟರ್ ದೊಡ್ಡದೊಂದರ ಬದಲು ಚಿಕ್ಕವು ಎರಡು ಇರಲಿ, ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ ಎಂದರು, ಆಗಲಿ ಎಂದೆ. ದೀಪದ ವಿಷಯದಲ್ಲಿ ಮಾತ್ರ ಅವರಿಗೆ ನಾನೇ ಪಾಠ ಹೇಳಬೇಕಾಯಿತು. ಅವರು ನೀಲಿ ಬೆಳಕು ಹಾಕಿ ಹವಳ ತೋರಿಸುತ್ತಾರೆ, ಮಂಕು ಕಂದು ಬಣ್ಣದ್ದೂ ಪಚ್ಚೆ ಹಸಿರಾಗಿ ಹೊಳೆಯುತ್ತದೆ. ಬಿಳಿ ಬೆಳಕು ಹಾಕಿ ಆಮೇಲೆ ತೋರಿಸಿ ಎಂದೆ. ಹಲ್ಲಿನ ಬಣ್ಣ ಹೊಂದಿಸುವಾಗ ಬಂದವರನ್ನು ಕಿಟಕಿ ಹತ್ತಿರ ಕೂರಿಸಿ ನೋಡುವವಳು ನಾನು, ಅಂಗಡಿ ಬೆಳಕಿಗೆ ಮರುಳಾಗುತ್ತೇನೆಯೇ? ಅಂಗಡಿಯವರು ನಕ್ಕುಬಿಟ್ಟರು. ಎರಡೂ ಬಣ್ಣವನ್ನು ಬೇರೆ ಬೇರೆಯಾಗಿ ಹೆಚ್ಚು ಕಡಿಮೆ ಮಾಡಬಹುದಾದ ದೀಪವನ್ನೇ ಆರಿಸಿದೆ.

ನನಗೂ ನಿಮಗೂ ಒಮ್ಮತ ಬರದೇ ಇದ್ದದ್ದು ಒಂದೇ ಸಾಮಾನಿನ ಬಗ್ಗೆ. ತೊಟ್ಟಿಯ ನೀರು ದಿನಾ ಆವಿಯಾಗುತ್ತದೆ, ಉಪ್ಪು ಮಾತ್ರ ಉಳಿಯುತ್ತದೆ. ಹಾಗಾಗಿ ಪ್ರತಿದಿನ ಅಷ್ಟೇ ಸಿಹಿನೀರು ಸೇರಿಸದಿದ್ದರೆ ಉಪ್ಪು ಏರಿ ಹವಳ ಸಾಯುತ್ತದೆ. ಇದಕ್ಕೆ ಒಂದು ಚಿಕ್ಕ ಯಂತ್ರವಿದೆ, ನೀರು ಇಳಿದದ್ದು ಕಂಡರೆ ತಾನೇ ಪಕ್ಕದ ಡಬ್ಬದಿಂದ ಎಳೆದು ಹಾಕುತ್ತದೆ. ಅದಿದ್ದರೆ ವಾರಗಟ್ಟಲೆ ಊರು ಬಿಟ್ಟು ಹೋಗಬಹುದು. ನನಗೆ ಎಲ್ಲಕ್ಕಿಂತ ಮೊದಲು ಬೇಕೆನಿಸಿದ್ದು ಅದೇ. ಫೋನಿನಲ್ಲಿ ನೀವು ಬೇಡವೇ ಬೇಡ ಎಂದಿರಿ. "ಯಂತ್ರ ಕೈಕೊಟ್ರೆ ಮನೆಯೆಲ್ಲ ನೀರು. ಕೈಯಲ್ಲಿ ಹಾಕೋದೇ ಚೆಂದ, ದಿನಾ ಅದರ ಮುಂದೆ ನಿಂತ್ರೆ ತಾನೆ ಪ್ರೀತಿ ಬೆಳೆಯೋದು" ಎಂದಿರಿ. ನನಗೆ ನಿಮ್ಮ ಹತ್ತಿರ ಬರಬೇಕೆನಿಸಿದಾಗ ಏನು ಮಾಡಲಿ ಎಂದು ಕೇಳಿದ್ದಕ್ಕೆ, ಹವಳ ಇಟ್ಟ ಮೇಲೆ ಒಂದೆರಡು ವರ್ಷ ತೊಟ್ಟಿಯನ್ನು ಅಲುಗಾಡಿಸಬಾರದು, ಬಿಟ್ಟೂ ಹೋಗಬಾರದು, ಅಷ್ಟರಲ್ಲಿ ಕ್ವಾರ್ಟರ್ಸ್ ಸಿಗುತ್ತದೆ ಎಂದಿರಿ. ಯಾವತ್ತೂ ಒಂದು ಗಿಡಕ್ಕೂ ನೀರು ಹಾಕದ ಮನುಷ್ಯನಿಗೆ ಇಷ್ಟೆಲ್ಲ ಹೇಗೆ ಗೊತ್ತು ಎಂದು ಆಗ ನನಗೆ ಹೊಳೆಯಲೇ ಇಲ್ಲ. ನನಗಾಗಿ ಎಷ್ಟೊಂದು ಓದಿಕೊಂಡಿದ್ದಾರೆ ಎಂದು ಮನಸ್ಸು ಕರಗಿತ್ತು.

ಈಗ ವಿಳಾಸದ ವಿಷಯ. ತೊಟ್ಟಿಯ ಅಳತೆ ಗೊತ್ತುಮಾಡುವ ಮೊದಲು ನೆಲ ವಿಚಾರಿಸಿಕೊಳ್ಳಿ ಎಂದು ಅಂಗಡಿಯವರು ಹೇಳಿದ್ದರು. ನೀರು, ಕಲ್ಲು, ಮರಳು ತುಂಬಿದರೆ ಆರೇಳು ಜನ ಒಂದೇ ಮೂಲೆಯಲ್ಲಿ ಒತ್ತಿಕೊಂಡು ನಿಂತಷ್ಟು ಭಾರವಂತೆ. ನಮ್ಮ ಮನೆಯ ನೆಲ ಗಟ್ಟಿ, ಚಿಂತೆಯಿಲ್ಲ. ಆದರೆ ನಾನು ಮುಂದಿನದನ್ನು ಯೋಚಿಸುವವಳಲ್ಲವೇ? ನಾಳೆ ಕ್ವಾರ್ಟರ್ಸ್ ಸಿಕ್ಕಿ, ಅದು ಮೂರನೇ ಮಹಡಿಯದ್ದಾಗಿ, ನೆಲ ತಡೆಯುವುದಿಲ್ಲ ಎಂದರೆ ಇಷ್ಟು ಪ್ರೀತಿಯಿಂದ ಆರಿಸಿದ್ದನ್ನು ಇಲ್ಲೇ ಬಿಟ್ಟು ಬರಬೇಕಾಗುತ್ತದೆ. ನಿಮ್ಮನ್ನೇ ಕೇಳಿದರೆ ಪಾಳಿಯ ನಡುವೆ ತೊಂದರೆ ಎಂದುಕೊಂಡು, ನಿಮ್ಮ ಸ್ಥಾವರದ ವಸತಿ ಕಚೇರಿಗೆ ನಾನೇ ಫೋನು ಮಾಡಿದೆ. ಮೇಂಟೆನೆನ್ಸ್ ನೋಡಿಕೊಳ್ಳುವವರು ಸಿಕ್ಕಿದರು, ತುಂಬ ಮರ್ಯಾದೆಯಿಂದ ಮಾತಾಡಿದರು. ನಿಮ್ಮ ಹೆಸರು ಹೇಳಿ, ಮುಂದೆ ನಮಗೆ ಯಾವ ಮಹಡಿ ಸಿಗಬಹುದು, ನೆಲ ಇಷ್ಟು ಭಾರ ಹೊರುತ್ತದೆಯೇ ಎಂದು ಕೇಳಿದೆ. ಅವರು, "ಮುಂದೆ ಯಾಕೆ ಮೇಡಂ, ನಿಮ್ಮದು ನೆಲಮಹಡಿ ಮನೆ ತಾನೆ, ಆನೆ ತಂದು ಕಟ್ಟಿದ್ರೂ ಏನಾಗಲ್ಲ. ಸಾಹೇಬ್ರು ಕೀ ತಗೊಂಡು ವರ್ಷದ ಮೇಲಾಯ್ತಲ್ಲ" ಎಂದರು. ಬೇರೆ ಯಾರೋ ಇರಬೇಕು ಎಂದೆ. ಅವರು ಮನೆ ನಂಬರು ಹೇಳಿದರು, ನಿಮ್ಮ ವಿಭಾಗ ಹೇಳಿದರು, ಸೊಂಟ ನೋವಿರುವ ಸಾಹೇಬರಲ್ಲವೇ ಎಂದೂ ಕೇಳಿದರು.

ನಾನು ಫೋನು ಕೆಳಗಿಡಲಿಲ್ಲ. ನಾಚಿಕೆ ಬಿಟ್ಟು, ಮನೆಯಲ್ಲಿ ಇನ್ಯಾರಿದ್ದಾರೆ ಎಂದು ಕೇಳಿಬಿಟ್ಟೆ. ಒಬ್ಬರೇ ಇರುವುದು, ಯಾರೂ ಬರುವುದೂ ಇಲ್ಲ, ತುಂಬ ಅಚ್ಚುಕಟ್ಟಿನವರು, ಸಂಜೆ ಹಿಂದಿನ ಮೆಟ್ಟಿಲ ಮೇಲೆ ಕೂತು ರೇಡಿಯೋ ಕೇಳುತ್ತಿರುತ್ತಾರೆ ಎಂದರು. ಇನ್ನೊಬ್ಬಳಿದ್ದಿದ್ದರೆ ಜಗಳ ಆಡುವುದಕ್ಕೆ ಒಬ್ಬಳಾದರೂ ಸಿಗುತ್ತಿದ್ದಳು. ನೀವು ಯಾರಿಗಾಗಿ ನನ್ನನ್ನು ದೂರವಿಟ್ಟಿರಿ ಎಂದು ಕೇಳಿದರೆ, ಯಾರಿಗಾಗಿಯೂ ಅಲ್ಲ. ನಾನಿಲ್ಲದ ಒಂದು ಮನೆ ನಿಮಗೆ ಬೇಕಿತ್ತು, ಅಷ್ಟೇ.

ಆಮೇಲೆ ಗೊರಕೆಯವರ ನೆನಪಾಯಿತು. ಹಾಸ್ಟೆಲಿನ ನಿಮ್ಮ ರೂಮ್‌ಮೇಟು, ಹೆಂಡತಿ ಸತ್ತ ಬಡಪಾಯಿ, ರಾತ್ರಿಯಿಡೀ ಗರಗಸ ಎಳೆಯುತ್ತಾರೆ, ನಿದ್ದೆಯಿಲ್ಲ ಎಂದು ವರ್ಷವಿಡೀ ಹೇಳಿದಿರಲ್ಲ. ಅವರಿಗೆ ಚಳಿ ತಡೆಯದು ಎಂದಿರೆಂದು ನಾನು ಬೂದುಬಣ್ಣದ ಮಫ್ಲರ್ ಹೆಣೆದು ಕಳಿಸಿದೆ. ನಿಮಗೆ ಸಿಹಿ ಕಟ್ಟುವಾಗಲೆಲ್ಲ ಅವರಿಗೆಂದು ಬೇರೆ ಡಬ್ಬಿ ಕಟ್ಟಿದೆ. ಅವರು ನನಗೆ ನಮಸ್ಕಾರ ಹೇಳಿದ್ದಾರೆ, ತಂಗಿ ಇದ್ದ ಹಾಗೆ ಎಂದಿದ್ದಾರೆ ಎಂದಿರಿ, ನನ್ನ ಕಣ್ಣು ತುಂಬಿತ್ತು. ಆ ಮನುಷ್ಯ ಹುಟ್ಟಿಯೇ ಇಲ್ಲ, ಅಲ್ಲವೇ? ಕೀ ಮುಚ್ಚಿಟ್ಟದ್ದನ್ನು ಒಂದಲ್ಲ ಒಂದು ದಿನ ನುಂಗಿಕೊಂಡೇನು, ಗೊರಕೆಯವರನ್ನು ನುಂಗಿಕೊಳ್ಳಲು ನನ್ನಿಂದಾಗದು. ಎರಡೂ ಡಬ್ಬಿ ತಿಂದು ಮಫ್ಲರ್ ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಿರೇನು?

ಲ್ಯಾಬಿನ ವಿಷಯವನ್ನು ನಿಮಗೆ ಹೇಳಿರಲಿಲ್ಲ. ಯಜಮಾನರು ಹೊಸ ಶಾಖೆ ತೆರೆದಾಗ ಉಸ್ತುವಾರಿ ವಹಿಸಿಕೋ ಎಂದು ಮೊದಲು ನನ್ನನ್ನೇ ಕರೆದಿದ್ದರು. ಇವತ್ತೋ ನಾಳೆಯೋ ಊರು ಬಿಡುವವಳು, ನಡುವೆ ಕೈಕೊಟ್ಟರೆ ಚೆನ್ನಾಗಿರುವುದಿಲ್ಲ ಎಂದು ಬೇಡ ಎಂದೆ. ಮೊನ್ನೆ ಹೋಗಿ ಆ ಜಾಗ ಇನ್ನೂ ಇದೆಯೇ ಎಂದು ಕೇಳಿದೆ. "ಆಗ್ಲೇ ಹೇಳಿದ್ನಲ್ಲಮ್ಮ, ಈಗ ಕೊಟ್ಟಾಯ್ತು" ಎಂದರು. ನನ್ನ ಕೈಕೆಳಗೆ ಮೇಣ ಕೆತ್ತಲು ಕಲಿತ ಹುಡುಗಿ ಅಲ್ಲಿ ಗಾಜಿನ ಕೋಣೆಯಲ್ಲಿ ಕೂತಿದ್ದಾಳೆ, ನಾನು ಇಲ್ಲಿಂದ ಅವಳಿಗೆ ಬಣ್ಣ ಹೊಂದಿಸಿ ಕಳಿಸುತ್ತೇನೆ. ಅವಳ ತಪ್ಪೇನೂ ಇಲ್ಲ, ಒಳ್ಳೆಯ ಹುಡುಗಿ. ನೀವು ಒಂದು ಮಾತು ನಿಜ ಹೇಳಿದ್ದರೆ ಆ ಕೋಣೆ ನನ್ನದಾಗಿರುತ್ತಿತ್ತು.

ಅತ್ತೆಯವರಿಗೆ ಹೇಳಬಾರದು ಎಂದುಕೊಂಡಿದ್ದೆ. ಆದರೆ ಮುಖ ನೋಡಿಯೇ ಹಿಡಿದುಬಿಟ್ಟರು. ಎಲ್ಲ ಕೇಳಿ, "ಚಿಕ್ಕವನಿದ್ದಾಗ್ಲೂ ಅಷ್ಟೇ, ತಿಂಡಿ ತಟ್ಟೆ ಎತ್ಕೊಂಡು ಹೋಗಿ ಬಚ್ಚಲಲ್ಲಿ ಚಿಲಕ ಹಾಕ್ಕೊಂಡು ತಿಂತಿದ್ದ. ಕೇಳಿದ್ರೆ ಹೊಟ್ಟೆನೋವು ಅಂತಿದ್ದ" ಎಂದರು. ನನಗೆ ಅಳುವಿನ ನಡುವೆಯೂ ನಗು ಬಂತು. ಆಮೇಲೆ ಅವರೇ ಅತ್ತರು, ನಾನು ಸಮಾಧಾನ ಮಾಡಬೇಕಾಯಿತು. ನಿಮಗೆ ಒಬ್ಬರೇ ಇರುವುದು ಇಷ್ಟವೆಂದು ಹೇಳಿದ್ದರೆ ನಾನು ಸಿಟ್ಟಾಗುತ್ತಿದ್ದೆ, ಪಾತ್ರೆ ಕುಕ್ಕುತ್ತಿದ್ದೆ, ಒಂದು ವಾರ ಮಾತು ಬಿಡುತ್ತಿದ್ದೆ. ಆಮೇಲೆ ಕೂತು ಯೋಚಿಸುತ್ತಿದ್ದೆ. ಮದುವೆಯಾಗಿ ಇಷ್ಟು ವರ್ಷ ನನ್ನ ಜೊತೆ ಬಾಳಿದವರಿಗೆ ಅಷ್ಟೂ ಗೊತ್ತಾಗಲಿಲ್ಲವೇ? ಅದರ ಬದಲು, ನಾನು ಬಿಟ್ಟು ಬರಲಾಗದಂಥದ್ದು ಯಾವುದು ಎಂದು ಹುಡುಕಿ, ಅದಕ್ಕೆ ಉಡುಗೊರೆ ಎಂದು ಹೆಸರಿಟ್ಟಿರಿ. ನಾಯಿಯನ್ನು ಕಟ್ಟಿಹಾಕುವವರು ಕೂಡ ಹಗ್ಗವನ್ನು ನೀನೇ ಆರಿಸು ಎಂದು ನಾಯಿಗೆ ಹೇಳುವುದಿಲ್ಲ.

ನಿಮ್ಮ ಮೇಲೆ ಪ್ರೀತಿ ಹೋಗಿದೆ ಎಂದು ಬರೆದರೆ ಅದು ಸುಳ್ಳಾಗುತ್ತದೆ, ಸುಳ್ಳು ಈ ಮನೆಗೆ ಈಗಾಗಲೇ ಸಾಕಷ್ಟು ಬಂದಿದೆ. ನಂಬಿಕೆ ಮಾತ್ರ ಹೋಗಿದೆ. ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ, ಮೆಟ್ಟಿಲ ಕಲ್ಲು ತಣ್ಣಗಿರುತ್ತದೆ, ಕೆಳಗೆ ಏನಾದರೂ ಹಾಸಿಕೊಂಡು ಕೂರಿ. ಅತ್ತೆಯವರು ಆಶೀರ್ವಾದ ಬರೆಯಲೋ ಬೇಡವೋ ಎಂದು ಇನ್ನೂ ಯೋಚಿಸುತ್ತಿದ್ದಾರೆ, ಸದ್ಯಕ್ಕೆ ಅರ್ಧ ಕಳಿಸುತ್ತಿದ್ದಾರೆ. ಗೊರಕೆಯವರಿಗೆ ನನ್ನ ನಮಸ್ಕಾರ.

ಇಂತು, ಕ್ವಾರ್ಟರ್ಸಿಗಾಗಿ ಇನ್ನು ಕಾಯದ
ನಿಮ್ಮ ಹಲ್ಲಮ್ಮ

ತಾ.ಕ.: ಅತ್ತೆಯವರು ಅಂಟಿನ ಬಾಟಲಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಾರೆ, ಅಂಚೆಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ತೊಟ್ಟಿಯ ಸಾಮಾನೆಲ್ಲವನ್ನೂ ನಿನ್ನೆ ಆರ್ಡರ್ ಮಾಡಿ ಬಂದೆ, ನಿಮ್ಮ ಉಡುಗೊರೆಯ ದುಡ್ಡಿನಲ್ಲೇ. ಎಲ್ಲವೂ ನೀವು ಹೇಳಿದ ಹಾಗೆಯೇ, ತಾನೇ ನೀರು ಹಾಕುವ ಯಂತ್ರ ಇಲ್ಲ. ತಲುಪಿಸುವ ವಿಳಾಸ ಈ ಲಕೋಟೆಯ ಮೇಲಿರುವುದೇ. ಗುರುವಾರ ಗಾಡಿ ಬರುತ್ತದೆ, ಜೋಡಿಸುವವರೂ ಜೊತೆಗೆ ಬರುತ್ತಾರೆ, ಮೇಂಟೆನೆನ್ಸಿನವರಿಗೆ ಹೇಳಿದ್ದೇನೆ, ಅವರಿಗಂತೂ ಬಹಳ ಖುಷಿ. ನೀರು ಹದಕ್ಕೆ ಬಂದ ಮೇಲೆ ನಿಮ್ಮ ಹತ್ತಿರದ ಅಂಗಡಿಯಿಂದ ಹವಳವೂ ಮೀನೂ ಬರುತ್ತವೆ, ಅದಕ್ಕೂ ಹೇಳಿಯಾಗಿದೆ. ಒಮ್ಮೆ ಅವು ಬಂದರೆ ರಜೆ ಎಂದು ಎದ್ದು ಬರುವ ಹಾಗಿಲ್ಲ, ನಿಮಗೇ ಗೊತ್ತಲ್ಲ. ಮೀನು ಒಂದೇ ಸಾಕು ಎಂದೆ. ನೇರಳೆ ಬಣ್ಣದ್ದು, ಪುಟ್ಟದು, ತನ್ನ ಜಾತಿಯ ಇನ್ನೊಂದನ್ನು ತೊಟ್ಟಿಯೊಳಗೆ ಸೇರಿಸಿಕೊಳ್ಳುವುದಿಲ್ಲವಂತೆ, ಒಂಟಿಯಾಗಿಯೇ ಸುಖವಾಗಿರುತ್ತದಂತೆ. ಆದರೆ ಅದಕ್ಕೂ ದಿನಾ ಸಂಜೆ ನೀರು ಹಾಕಲು ಯಾರಾದರೂ ಮನೆಯಲ್ಲಿ ಇರಲೇಬೇಕು.