ಏಳನೆಯ ಚರ್ಚು

ಏಪ್ರಿಲ್ 9, ಬುಧವಾರ

ಅಮ್ಮನ ಕಣ್ಣಿಗೆ ಡ್ರಾಪ್ಸ್ ಹಾಕಿದೆ. ಇನ್ನು ಹೆಚ್ಚು ದಿನ ಕಾಣುವುದಿಲ್ಲ ಅಂದಿದ್ದಾರೆ ಡಾಕ್ಟರು. ಅಮ್ಮನಿಗೆ ಅದರ ಚಿಂತೆಯೇ ಇಲ್ಲ. ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ ಏಳು ಚರ್ಚು ಸುತ್ತಬೇಕು, ಪಿಕಪ್‌ಗೆ ಪೆಟ್ರೋಲ್ ಹಾಕಿಸಿದೆಯಾ — ಅದೇ ಮಾತು.

ಏಳು ಅನ್ನುವುದು ಬಾಯಿಮಾತು. ನೋಡುವುದು ಆರೇ. ಏಳನೆಯದಕ್ಕೆ ಅಮ್ಮ ನಮ್ಮ ದ್ವೀಪದ ಉಮಾತಾಕ್ ಊರಿನ ಹಳೇ ಸ್ಪ್ಯಾನಿಷ್ ಕೋಟೆಯ ಮುಂದೆ ಶಿಲುಬೆ ಗುರುತು ಹಾಕಿಕೊಂಡು ಲೆಕ್ಕ ಮುಗಿಸುತ್ತಾಳೆ.

“ಕೋಟೇಲಿ ದೇವರಿಲ್ಲಮ್ಮ, ಫಿರಂಗಿ ಇದೆ.”

“ಸ್ಪೇನಿನವರು ಎರಡನ್ನೂ ಒಂದೇ ಹಡಗಲ್ಲಿ ತಂದ್ರು ಕಣೇ.”

ನಿಜವಾದ ಏಳನೆಯದು ಇನಲಹಾನ್‌ನಲ್ಲಿದೆ. ದೊಡ್ಡಮ್ಮ ಎಂಗ್ರಾಸಿಯಾಳ ಊರು. ಅಜ್ಜಿ ಸತ್ತಾಗ ಮನೆಯ ಬಾಲಯೇಸು ವಿಗ್ರಹ ಯಾರಿಗೆ ಅಂತ ಅಕ್ಕತಂಗಿಯರು ಕಿತ್ತಾಡಿದ್ದು. ಅಂದಿನಿಂದ ಮಾತಿಲ್ಲ. ಹೋದರೆ ತಂಗಿಯೇ ಬಾಗಿ ಅಕ್ಕನ ಬಲಗೈಗೆ ಮೂಗು ತಾಗಿಸಬೇಕು. ಹಿರಿಯರಿಗೆ ಕಿರಿಯರು ಹಾಗೆ ಮಾಡುವುದು ಪದ್ಧತಿ. ಊರಿಗೆಲ್ಲ ಜಪ ಹೇಳಿಕೊಡುವ ನಮ್ಮಮ್ಮ ಅದಕ್ಕೊಂದಕ್ಕೆ ಒಲ್ಲೆ ಅನ್ನುತ್ತಾಳೆ. ಮುದುಕಿಯರ ಹಟ. ಮುಖ ನೋಡಿಕೊಳ್ಳದೆಯೇ ಕಣ್ಣು ಹೋಗಿಬಿಟ್ಟರೆ?

ಏಪ್ರಿಲ್ 17, ಗುರುವಾರ ರಾತ್ರಿ

ಆರು ಮುಗಿಸಿದೆವು. ಕೋಟೆ ಬಂತು. ನಾನು ಗಾಡಿ ನಿಲ್ಲಿಸಲಿಲ್ಲ. ಅಮ್ಮನಿಗೆ ಗೊತ್ತಾಯಿತು. ಆದರೂ ನಿಲ್ಲಿಸು ಅನ್ನಲಿಲ್ಲ…

ಇನಲಹಾನ್‌ನಲ್ಲಿ ಮುಸ್ಸಂಜೆ. ಚರ್ಚಿನೊಳಗೆ ಮೇಣದಬತ್ತಿಗಳ ಬೆಳಕಷ್ಟೇ. ಅಮ್ಮ ಹಿಂದಿನ ಬೆಂಚಿನಲ್ಲಿ ಕೂತು ಎಂದಿನಂತೆ ಬಲಗೈ ಮುಂದಿಟ್ಟಳು. ಸಣ್ಣವರು ಒಬ್ಬೊಬ್ಬರಾಗಿ ಬಂದು ಮೂಗು ತಾಗಿಸಿ ಹೋದರು. ಅವರ ಹಿಂದೆ ಕೋಲೂರಿಕೊಂಡು ದೊಡ್ಡಮ್ಮ. ಅವಳು ನನ್ನತ್ತ ನೋಡಲೂ ಇಲ್ಲ. ಸೊಂಟ ಹಿಡಿದುಕೊಂಡು ಬಾಗಿದಳು. ತಂಗಿಯ ಕೈಗೆ ಮೂಗು ತಾಗಿಸಿದಳು.

ಅಮ್ಮ ಯಾವುದೋ ಹುಡುಗಿ ಅಂದುಕೊಂಡಳು. “ಯಾರ ಮಗಳಮ್ಮಾ ನೀನು?”

“ನಿನ್ನಮ್ಮನ ದೊಡ್ಡ ಮಗಳು.”

ಅಮ್ಮ ಕೈ ಎಳೆದುಕೊಂಡಳು. “ಏನಕ್ಕಾ ಇದು… ದೊಡ್ಡೋಳು ಬಾಗಬಾರದು. ಪಾಪ ನನಗೆ ಸುತ್ಕೊಳ್ಳುತ್ತೆ.”

“ನೀನು ಬಾಗ್ತೀಯ ಅಂತ ಕಾದೂ ಕಾದೂ ಸಾಕಾಯ್ತು. ಸರಿ, ಸ್ವಲ್ಪ ಆಚೆ ಸರಿ. ಮಂಡಿ ನೋಯುತ್ತೆ.”

ಅಮ್ಮ ತಡಕಾಡಿ ಅವಳ ಕೈ ಹಿಡಿದಳು. ಮೂಗಿಗೆ ಒತ್ತಿಕೊಂಡವಳು ಬಿಡಲೇ ಇಲ್ಲ. ನಾನು ಹೊರಗೆ ಹೋಗಿ ಪಿಕಪ್‌ಗೆ ಒರಗಿ ಅತ್ತುಬಿಟ್ಟೆ. ಸಂತೋಷಕ್ಕೆ. ಸಿಟ್ಟಿಗೂ — ಇಷ್ಟು ವರ್ಷ ಹಾಳು ಮಾಡಿದರಲ್ಲ ಇಬ್ಬರೂ.

ಏಪ್ರಿಲ್ 20, ಈಸ್ಟರ್

ದೊಡ್ಡಮ್ಮ ನಮ್ಮಲ್ಲೇ ಇದ್ದಾಳೆ. ಬೆಳಿಗ್ಗೆಯಿಂದ ಇಬ್ಬರೂ ವರಾಂಡದಲ್ಲಿ. ದೊಡ್ಡಮ್ಮ ಮೀನಿನ ಮುಳ್ಳು ಬಿಡಿಸಿ ಕೆಂಪನ್ನದ ಜೊತೆ ತಟ್ಟೆಗೆ ಹಾಕುತ್ತಾಳೆ. ಅಮ್ಮ ಉಪ್ಪು ಕಮ್ಮಿ ಅಂತ ತಕರಾರು ಮಾಡುತ್ತಾಳೆ. ಇವತ್ತು ಅಮ್ಮನಿಗೆ ಬೆಳಕು ಮಾತ್ರ ಗೊತ್ತಾಗುತ್ತಿದೆ. ಅಕ್ಕನ ಮುಖ ಪೂರ್ತಿ ಸವರಿ ನೋಡಿದಳು.

“ಇಷ್ಟು ಸುಕ್ಕು ಯಾವಾಗ ಬಂತಕ್ಕಾ?”

“ನೀನು ನೋಡೋಕೆ ಬರಲಿಲ್ಲವಲ್ಲ, ಆಗ.”

ಅಮ್ಮ ಕೈ ತೆಗೆಯಲಿಲ್ಲ. ಆಮೇಲೆ ಮೆಲ್ಲಗೆ, “ಈಗ ನೋಡ್ತಾ ಇದ್ದೀನಲ್ಲಕ್ಕಾ,” ಅಂದಳು.